ಆಯಿ ಖೋಲಿ, ಮೊಮ್ಮಗಳ ಖೋಲಿ

ನಮ್ಮ ಧಾರವಾಡದ ಹಳೇ ಮನ್ಯಾಗ ಹುಡುಗರಿಗೆ ಅಂತ ಬ್ಯಾರೆ ಖೋಲಿ ಎಂದೂ ಇರಲಿಲ್ಲ. ದೇವರ ಖೋಲಿ ಇತ್ತು, ಬಾಣಂತಿ ಖೋಲಿ ಇತ್ತು, ಕಾಳುಕಡಿ ಇಡಾಕೂ ಒಂದು ಖೋಲಿ ಇತ್ತು. ಹುಡುಗರು ಮಾತ್ರ ಪಡಸಾಲ್ಯಾಗ ಸಾಲಾಗಿ ಮಲಗತಿದ್ದರು. ನಿಮ್ಮ ಮನ್ಯಾಗೂ ಹಂಗ ಇದ್ದೀತು.

ಹೋದ ವರ್ಷ ನಮ್ಮ ಅತ್ತಿಯವರು ತೀರಿಕೊಂಡರು. ಅವರ ಖೋಲಿ ಆರು ತಿಂಗಳು ಮುಚ್ಚೇ ಇತ್ತು. ಒಂದಿನ ಒಂಬತ್ತು ವರ್ಷದ ನನ್ನ ಮಗಳು ಊಟಕ್ಕ ಕುಂತಾಗ, "ಆಯಿ ಖೋಲಿ ನನಗ ಕೊಡತೀರೇನು?" ಅಂದಳು. ನಮ್ಮ ಮನಿಯವರು ಮಾತಾಡಲಿಲ್ಲ, ಕೈ ತೊಳಕೊಂಡು ಎದ್ದು ಹೋದರು. ಎರಡು ದಿನಾ ಬಿಟ್ಟು ಮೂರು ಸಾವಿರ ರೂಪಾಯಿ ನನ್ನ ಕೈಯಾಗಿಟ್ಟು, "ಇಷ್ಟರಾಗ ಮಾಡು. ಆದರ ಅವ್ವನ ದೀಪದ ಗೂಡು ಮುಚ್ಚಬ್ಯಾಡ" ಅಂದರು.

ಅಂಗಡ್ಯಾಗ ಗುಲಾಬಿ ಬಣ್ಣದ ರೇಟ್ ಕೇಳಿ ಸುಮ್ಮನ ಮನಿಗೆ ಬಂದೆ. ಗೋಡಿಗೆ ನೀರು ಹೊಡದು ಕೆರಿಯಾಕ ಹತ್ತಿದೆ. ಮ್ಯಾಲೆ ಹಳದಿ ಡಿಸ್ಟೆಂಪರ್, ಅದರ ಕೆಳಗ ಹಸರು, ಅದರ ಕೆಳಗ ನೀಲಿ ಬೆರೆಸಿದ ಸುಣ್ಣ, ಪದರಿನ ಮ್ಯಾಲ ಪದರು. ಮನಿ ಇತಿಹಾಸ ಗೋಡಿ ಮ್ಯಾಲೇ ಇತ್ತು.

ಈ ಸುಣ್ಣಕ್ಕ ಬರೇ ಹಬ್ಬದ ನೆನಪಲ್ಲ, ಒಂದು ಕೆಟ್ಟ ನೆನಪೂ ಐತಿ. 1896ರಾಗ ಮುಂಬೈಗೆ ಪ್ಲೇಗ್ ಬಂತು. ನಮ್ಮ ಭಾಗ ಆಗ ಮುಂಬೈ ಪ್ರಾಂತದಾಗಿತ್ತು. 1898ರಾಗ ಹುಬ್ಬಳ್ಳಿ, ಧಾರವಾಡ ಎರಡೂ ತತ್ತರಿಸಿದವು. ಸಾವಿರಾರು ಮಂದಿ ಹಾಫ್‌ಕಿನ್ ಅವರ ಹೊಸಾ ಲಸಿಕಿ ಚುಚ್ಚಿಸಿಕೊಂಡರು, ಎಷ್ಟೋ ಮಂದಿ ಮನಿ ಬಿಟ್ಟು ಊರ ಹೊರಗ ಗುಡಿಸಲು ಹಾಕಿದರು. ಪ್ಲೇಗ್ ಹೊಕ್ಕ ಮನ್ಯಾಗ ಹಂಚು ತಗದು ಬಿಸಲು ಬಿಡೋದು, ಗೋಡಿಗೆ ಸುಣ್ಣ ಬಳಿಯೋದು ಆಗಿನ ಸರಕಾರದ ಕ್ರಮ. ರೋಗ ಹರಡೋದು ಇಲಿ ಮೈಮ್ಯಾಲಿನ ಚಿಗಟದಿಂದ ಅನ್ನೋದು ಎಲ್ಲಾರಿಗೂ ತಿಳಿಯೋ ಹೊತ್ತಿಗೆ ಬಾಳ ಮಂದಿ ಹೋಗಿದ್ದರು. "ಸುಣ್ಣಾ ಇಲ್ಲದ ಖೋಲ್ಯಾಗ ಕೂಸಿನ್ನ ಮಲಗಸಬ್ಯಾಡ" ಅಂತ ಅತ್ತಿಯವರು ಅನ್ನೋದು ಎಲ್ಲಿಂದ ಬಂದಿದ್ದೀತು ಅಂತ ನನಗ ಈಗ ಅನಸತೈತಿ.

ಸುಣ್ಣದ ಕೆಲಸ ಸಾದಾ ಐತಿ, ಆದರ ಹುಷಾರಿ ಬೇಕು. ಸುಣ್ಣದ ಕಲ್ಲು ನೀರಿಗೆ ಹಾಕಿದರ ಕೊತ ಕೊತ ಕುದಿತೈತಿ. ಕಣ್ಣಿಗೆ ಹಾರಬಾರದು, ಹುಡುಗರು ಹತ್ರ ಇರಬಾರದು. ನಾಕು ದಿನಾ ನೆನಿಯಾಕ ಬಿಟ್ಟು, ಹಳೇ ಧೋತರದಾಗ ಸೋಸಿ, ಚೂರು ನೀಲಿ ಹಾಕಿ, ತೆಳ್ಳಗ ಮೂರು ಸಲ ಹೊಡದೆ. ಹಸೀ ಇದ್ದಾಗ ಗೋಡಿ ಕಂಡು ನನಗ ಅಳೂನ ಬಂದಿತ್ತು, ಮಾಸಿದ ಅರಬಿ ಹಂಗ. ಮುಂಜಾನಿ ನೋಡಿದರ ಬೆಳ್ಳಗ ಬೆಳ್ಳಗ! ಸುಣ್ಣ ಗಾಳ್ಯಾಗಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಒಣಗತಾ ಮತ್ತ ಕಲ್ಲಾಗತೈತಿ.

ಕಿಡಕಿದೇ ಚಿಂತಿ ಆತು. ಅದಕ್ಕ ಹಳೇ ಕಾಲದ ಹಸರು ಎಣ್ಣಿಬಣ್ಣ, ಹಪ್ಪಳದಂಗ ಎದ್ದಿತ್ತು. ಮಗಳು ಅದನ್ನ ಉಗುರಿಲೆ ಸುಲೀತಿದ್ದಳು. ಆಗಿನ ಎಣ್ಣಿಬಣ್ಣದಾಗ ಸೀಸ ಇರತಿತ್ತು, ಅದರ ಧೂಳು ಹುಡುಗರ ಮಿದುಳಿಗೆ ವಿಷ. ನಮ್ಮ ದೇಶದಾಗ ಮನಿ ಬಣ್ಣಕ್ಕ ಹತ್ತು ಲಕ್ಷ ಭಾಗಕ್ಕ 90 ಭಾಗಕ್ಕಿಂತ ಹೆಚ್ಚು ಸೀಸ ಇರಬಾರದು ಅನ್ನೋ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ದಾಗ. ಅದಕ್ಕ, ಅಕ್ಕಂದಿರಾ, ಹಳೇ ಕಿಡಕಿ ಬಾಗಲಾ ಒಣಾ ಉಸುಕಿನ ಕಾಗದಲೆ ತಿಕ್ಕಬ್ಯಾಡ್ರಿ. ನಾನು ನೀರು ಚಿಮುಕಿಸಿ, ಎದ್ದ ಚಕ್ಕಿ ಅಷ್ಟ ತಗದು ಚೀಲದಾಗ ಕಟ್ಟಿ, ನೆಲಾ ಎರಡು ಸಲ ಒರಿಸಿ, ಹೊಸಾ ಬಣ್ಣ ಹಚ್ಚಿದೆ. ಅಷ್ಟೂ ದಿನಾ ಮಗಳನ್ನ ತವರುಮನ್ಯಾಗ ಬಿಟ್ಟಿದ್ದೆ.

ಉಳಿದದ್ದು ಟ್ರಂಕಿನಾಗ ಸಿಕ್ಕಿತು. ಅತ್ತಿಯವರ ಮದಿವಿಗೆ ಬಂದ ನವಲಗುಂದ ಜಮಖಾನಿ, ನವಿಲಿನ ಚಿತ್ತಾರದ್ದು. ನಮ್ಮ ಜಿಲ್ಲಾದ ಹೆಣ್ಣುಮಕ್ಕಳೇ ಮಗ್ಗದ ಮುಂದ ಕುಂತು ನೇಯೋ ಕಸುಬು ಅದು, 2011ರಾಗ ಅದಕ್ಕ ಜಿಐ ಗುರುತು ಸಿಕ್ಕೈತಿ. ಅವರ ಎರಡು ಹರದ ಇಳಕಲ್ ಸೀರಿನೂ ಇದ್ದವು. ಹತ್ತಿ ಒಡಲು ಕೌದಿ ಆತು, ರೇಷ್ಮಿ ಕೆಂಪು ಸೆರಗು ಕಿಡಕಿ ಪಡದೆ ಆತು.

ಸುಣ್ಣ, ಕುಂಚ 600, ಬಣ್ಣ 350, ಆಳಿನ ಪಗಾರ 800, ಲೈಟು, ಹಲಗಿ 700. ಒಟ್ಟು 2,450. ಉಳಿದ 550 ವಾಪಸ್ ಕೊಟ್ಟರ ಮನಿಯವರು ತಗೋಲಿಲ್ಲ.

ದೀಪದ ಗೂಡು ಹಂಗೇ ಬಿಟ್ಟೇನಿ. ಒಳಗಿನ ಹೊಗಿ ಕಪ್ಪಿನ ಮ್ಯಾಲ ಸುಣ್ಣ ಹಚ್ಚಲಿಲ್ಲ. ಮಗಳು ಅಲ್ಲಿ ತನ್ನ ಕಥಿ ಪುಸ್ತಕ ಇಟ್ಟಾಳ. ಮನಿಯವರು ರಾತ್ರಿ ಲೈಟು ಆರಸಾಕ ಅಂತ ಹೋಗತಾರ, ಲಗೂನ ಬರೂದಿಲ್ಲ. ಹಣಕಿ ನೋಡಿದರ ಜಮಖಾನಿ ಮ್ಯಾಲ ಕುಂತು ಆಕಿಗೆ ಕಥಿ ಓದತಿರತಾರ.