ಕಣ್ಣಿಲ್ಲದವರ ಪುಸ್ತಕ

ಬ್ರೈಲ್ ಪುಸ್ತಕವನ್ನು ಒಮ್ಮೆಯಾದರೂ ಕೈಯಲ್ಲಿ ಎತ್ತಿದವರಿಗೆ ಅದರ ಭಾರ ಗೊತ್ತು. ನಾವು ಬಗಲಲ್ಲಿಟ್ಟುಕೊಂಡು ಬಸ್ಸು ಹತ್ತುವ ಕಾದಂಬರಿ ಬ್ರೈಲಿನಲ್ಲಿ ದಪ್ಪ ದಪ್ಪ ಸಂಪುಟಗಳಾಗಿ ಚೀಲ ತುಂಬುತ್ತದೆ. ಅದಕ್ಕೇ ಅಂಧ ಗೆಳೆಯನೊಬ್ಬನಿಗೆ ಅವನ ಪಠ್ಯಗಳನ್ನು ನಾನು ಕ್ಯಾಸೆಟ್ಟಿಗೆ ಓದಿಕೊಡುತ್ತಿದ್ದೆ. ನನ್ನ ಕೆಮ್ಮು, ಬೀದಿಯ ಸೊಪ್ಪಿನವಳ ಕೂಗು ಎಲ್ಲವೂ ಅರ್ಥಶಾಸ್ತ್ರದ ನಡುವೆ ಸೇರಿಹೋಗುತ್ತಿದ್ದವು. ಒಬ್ಬನಿಗೆ ಓದಿಕೊಟ್ಟರೆ ಯಾರೂ ಕೇಳುವುದಿಲ್ಲ. ಅದನ್ನೇ ಐವತ್ತು ಪ್ರತಿ ಮಾಡಿ ಹಂಚಹೊರಟರೆ ಹಕ್ಕುದಾರರ ಅನುಮತಿ ಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅಂಧರಿಗೆಂದೇ ಯಾವ ವಿನಾಯಿತಿಯೂ ಇರಲಿಲ್ಲ.

ಆಮೇಲೆ ಮಾತಾಡುವ ಕಂಪ್ಯೂಟರ್ ಬಂತು. ಪುಸ್ತಕದ ಕಡತವೊಂದಿದ್ದರೆ ಸಾಕು, ಯಂತ್ರವೇ ಓದಿ ಹೇಳುತ್ತದೆ. 2010ರಲ್ಲಿ ತಿದ್ದುಪಡಿ ಮಸೂದೆ ಬಂದಾಗ ಅದರಲ್ಲಿ ಒಂದು ಕೊಕ್ಕೆಯಿತ್ತು: ಅಂಗವಿಕಲರಿಗಾಗಿಯೇ ವಿಶೇಷವಾಗಿ ರೂಪಿಸಿದ ನಮೂನೆಗೆ ಮಾತ್ರ ವಿನಾಯಿತಿ. ಎಂದರೆ ಬ್ರೈಲಿಗೆ ಸರಿ, ಎಲ್ಲರೂ ಬಳಸುವ ಮಾಮೂಲಿ ಕಡತಕ್ಕೆ ಇಲ್ಲ. ದೊಡ್ಡವರಾದ ಮೇಲೆ ದೃಷ್ಟಿ ಕಳೆದುಕೊಂಡವರು ಬ್ರೈಲ್ ಕಲಿತಿರುವುದೇ ಅಪರೂಪ. ಅವರಿಗೆ ಈ ಔದಾರ್ಯದಿಂದ ಏನು ಸಿಗಬೇಕು? ಅಂಧರ ಸಂಘಟನೆಗಳು ಹಟ ಹಿಡಿದವು. ಚೆನ್ನೈನ ವಕೀಲ ರಾಹುಲ್ ಚೆರಿಯನ್ ಈ ಹೋರಾಟದಲ್ಲಿ ಮುಂದಿದ್ದರು. 2012ರಲ್ಲಿ ಕಾಯ್ದೆಯಾಗುವ ಹೊತ್ತಿಗೆ 'ಓದಲು ಅನುಕೂಲವಾದ ಯಾವುದೇ ನಮೂನೆ' ಎಂಬ ಅರ್ಥದ ಮಾತು ಅದರೊಳಗೆ ಬಂದಿತ್ತು. ಲಾಭ ಮಾಡುವಂತಿಲ್ಲ, ಪ್ರತಿಗಳು ಮಾಮೂಲಿ ಮಾರುಕಟ್ಟೆಗೆ ಸೋರದಂತೆ ನೋಡಿಕೊಳ್ಳಬೇಕು. ನ್ಯಾಯವಾದ ಕರಾರುಗಳೇ.

2013ರ ಜೂನ್‌ನಲ್ಲಿ ಮೊರಾಕ್ಕೋದ ಮರಾಕೇಶಿನಲ್ಲಿ ಇದೇ ವಿಷಯದ ಜಾಗತಿಕ ಒಪ್ಪಂದವಾಯಿತು. ಅದಕ್ಕಾಗಿಯೂ ದುಡಿದಿದ್ದ ಚೆರಿಯನ್ ಅದೇ ಫೆಬ್ರವರಿಯಲ್ಲಿ ತೀರಿಕೊಂಡಿದ್ದರು. ಒಂದು ದೇಶದಲ್ಲಿ ಸಿದ್ಧವಾದ ಪ್ರತಿಯನ್ನು ಇನ್ನೊಂದು ದೇಶದ ಅಂಧರಿಗೆ ಕಳಿಸಲು ಆ ಒಪ್ಪಂದ ದಾರಿ ಮಾಡಿತು. ಅದುವರೆಗೆ ಅದೇ ಪುಸ್ತಕವನ್ನು ಅಲ್ಲೊಮ್ಮೆ ಇಲ್ಲೊಮ್ಮೆ ಮಾಡುವ ದಂಡದ ದುಡಿಮೆ. ಎಲ್ಲರಿಗಿಂತ ಮೊದಲು, 2014ರಲ್ಲಿ, ಅದನ್ನು ಅನುಮೋದಿಸಿದ್ದು ಭಾರತ. ಇಪ್ಪತ್ತು ದೇಶಗಳು ಕೂಡಿ ಅದು ಜಾರಿಗೆ ಬಂದದ್ದು 2016ರ ಸೆಪ್ಟೆಂಬರ್ 30ರಂದು.

ಕಾನೂನು ದಾರಿ ಬಿಟ್ಟಿತು, ಅಕ್ಷರ ಬಿಡಲಿಲ್ಲ. ಕನ್ನಡದ ಎಷ್ಟೋ ಪುಸ್ತಕಗಳು ಯುನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಅಚ್ಚಾದವು. ತೆರೆಯ ಮೇಲೆ ಕನ್ನಡ ಕಂಡರೂ ಒಳಗಿರುವುದು ಬೇರೆಯೇ ಸಂಕೇತ. ಪ್ರಕಾಶಕರೊಬ್ಬರು ಕೇಳಿದ ತಕ್ಷಣ, ಪಾಪ, ಕಡತ ಕೊಟ್ಟರು. ಯಂತ್ರಕ್ಕೆ ಹಾಕಿದೆವು. ಅದು ಇಂಗ್ಲಿಷ್ ಅಕ್ಷರಗಳನ್ನೂ ಚಿಹ್ನೆಗಳನ್ನೂ ಒಂದೊಂದಾಗಿ ಒದರತೊಡಗಿತು. ಪರಿವರ್ತಕ ತಂತ್ರಾಂಶ ಹಾಕಿದ ಮೇಲೂ ಒತ್ತಕ್ಷರಗಳು ಅಲ್ಲಲ್ಲಿ ಮುರಿದಿದ್ದವು. ಕೊನೆಗೆ ಇಬ್ಬರು ಹುಡುಗಿಯರು ಅಚ್ಚಾದ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ತಿದ್ದಲು ಕೂತರು.