ಗೋಲ್ಕೊಂಡ, ಹಂಪಿ ಮತ್ತು ಗಿಟಾರಿನ ಐದು ಸ್ವರ

ಗಚ್ಚಿಬೌಲಿ, ಮಾದಾಪುರದ ಪಿಜಿಗಳಲ್ಲಿ ಗಿಟಾರ್ ಇಟ್ಕೊಂಡಿರೋ ಕನ್ನಡದವರು ಬಹಳ ಜನ ಇದ್ದೀರಿ. ಆದ್ರೆ ಸೋಲೋ ಬಂತು ಅಂದ್ರೆ ಕೈ ತಾನಾಗೇ ಐದನೇ ಫ್ರೆಟ್ಟಿಗೆ ಹೋಗುತ್ತೆ. ಅದೇ ಎ ಮೈನರ್ ಪೆಂಟಾಟೋನಿಕ್, ಅದೇ ಐದು ಸ್ವರ. ಈ ಸಮಸ್ಯೆಯ ಬೇರು ಫ್ರೆಟ್ಟಿನಲ್ಲೇ ಇದೆ, ಮತ್ತು ಅದರ ಚರಿತ್ರೆ ನಿಮ್ಮ ಆಫೀಸಿನ ಹತ್ತಿರದ ಗೋಲ್ಕೊಂಡವನ್ನೂ ಮುಟ್ಟಿ ಹೋಗುತ್ತೆ.

1543ರಲ್ಲಿ ಗೋಲ್ಕೊಂಡದ ಸುಲ್ತಾನ್ ಕುಲಿಯ ಕೊಲೆಯಾಯ್ತು. ತಪ್ಪಿಸಿಕೊಂಡ ಮಗ ಇಬ್ರಾಹಿಂಗೆ ಕೊನೆಗೆ ಆಶ್ರಯ ಕೊಟ್ಟದ್ದು ವಿಜಯನಗರದ ಅಳಿಯ ರಾಮರಾಯ. ಸುಮಾರು ಏಳು ವರ್ಷ ಅಲ್ಲಿದ್ದು, 1550ರಲ್ಲಿ ವಾಪಸ್ ಬಂದು ಇಬ್ರಾಹಿಂ ಸುಲ್ತಾನನಾದ. (1565ರಲ್ಲಿ ಅದೇ ರಾಮರಾಯನ ಎದುರು ಯುದ್ಧಕ್ಕೆ ನಿಂತ. ಆ ಕಥೆ ಎಲ್ರಿಗೂ ಗೊತ್ತು, ಬಿಡಿ.)

ಅದೇ 1550ರಲ್ಲಿ ರಾಮರಾಯನ ಆಸ್ಥಾನದ ರಾಮಾಮಾತ್ಯ ‘ಸ್ವರಮೇಳಕಲಾನಿಧಿ’ ಬರೆದ. ರಾಗಗಳನ್ನು 20 ಮೇಳಗಳಲ್ಲಿ ಜೋಡಿಸಿದ. ನನಗೆ ಅದಕ್ಕಿಂತ ದೊಡ್ಡದು ಅನ್ನಿಸೋದು ಅವನ ವೀಣೆಯ ಪ್ರಕರಣ. ಒಂದೇ ರಾಗಕ್ಕೆ ಬೇಕಾದಷ್ಟು ಮೆಟ್ಟು ಹಾಕಿದ ವೀಣೆ ಬೇರೆ, ಎಲ್ಲ ರಾಗಕ್ಕೂ ಒದಗುವ ಮೆಟ್ಟಿನ ವೀಣೆ ಬೇರೆ ಅಂತ ಅವನು ವಿಂಗಡಿಸ್ತಾನೆ. ಗಿಟಾರ್ ಎರಡನೇ ಜಾತಿಯದು: ಹನ್ನೆರಡೂ ಸ್ವರ ಅಲ್ಲೇ ಇವೆ. ನಾವು ಅಭ್ಯಾಸಬಲದಿಂದ ಅದನ್ನ ಮೊದಲನೇ ಜಾತಿ ಮಾಡ್ಕೊಂಡಿದ್ದೀವಿ, ಅಷ್ಟೇ.

ಮುಂದಿನ ಶತಮಾನದಲ್ಲಿ ತಂಜಾವೂರಿನ ವೆಂಕಟಮಖಿ 72 ಮೇಳ ಲೆಕ್ಕ ಹಾಕಿದ. ಇವನ ತಂದೆ ಗೋವಿಂದ ದೀಕ್ಷಿತರು ಕನ್ನಡ ಮೂಲದವರು. ಆಗ ಬಳಕೆಯಲ್ಲಿದ್ದದ್ದು 19 ಮಾತ್ರ. ಉಳಿದವು ಬರಿಯ ಗಣಿತ. ಅವಕ್ಕೆ ಜೀವ ಬಂದದ್ದು ತ್ಯಾಗರಾಜರಂಥವರು ಒಂದೊಂದರಲ್ಲೂ ಹಾಡು ಕಟ್ಟಿದಾಗ. ಹಾಗಾಗಿ 72ರ ಚಾರ್ಟ್ ಡೌನ್‌ಲೋಡ್ ಮಾಡಿ ಬಾಯಿಪಾಠ ಹೊಡೆಯೋದರಿಂದ ಸೋಲೋ ಬದಲಾಗಲ್ಲ.

ಒಂದೇ ಸ್ವರ ಸರಿಸಿ ನೋಡಿ. ನಿಮ್ಮ ಎ-ಸಿ-ಡಿ-ಇ-ಜಿ ನಮ್ಮಲ್ಲಿ ಶುದ್ಧ ಧನ್ಯಾಸಿ. ಅದರ ‘ಇ’ ಅಂದ್ರೆ ಪಂಚಮ. ಅದನ್ನ ಒಂದು ಫ್ರೆಟ್ ಮೇಲಕ್ಕೆ, ‘ಎಫ್’ಗೆ ಒಯ್ದರೆ ಹಿಂದೋಳ! ಹಿಂದೂಸ್ತಾನಿಯವರ ಮಾಲಕೌಂಸ್. ಇಲ್ಲಿ ಪಂಚಮವೇ ಇಲ್ಲ, ಅಂದ್ರೆ ನೀವು ದಣಿದಾಗ ಬಂದು ನಿಲ್ತಿದ್ದ ಖಾಲಿ ‘ಇ’ ತಂತಿಗಳನ್ನ ಮುಟ್ಟೋ ಹಾಗಿಲ್ಲ. ಮಾಲಕೌಂಸ್‌ಗೆ ತಂಬೂರಿಯನ್ನೂ ಪಂಚಮದ ಬದಲು ಮಧ್ಯಮಕ್ಕೆ ಶ್ರುತಿ ಮಾಡ್ತಾರೆ. ಜೊತೆಗೆ ಬೇಸ್ ಬಾರಿಸೋ ರೂಮ್‌ಮೇಟ್‌ಗೆ ‘ಎ’ ಮತ್ತು ‘ಡಿ’ ಮಾತ್ರ ಹಿಡ್ಕೊಳ್ಳೋಕೆ ಹೇಳಿ, ಹತ್ತು ನಿಮಿಷ ಅಲ್ಲೇ ಓಡಾಡಿ. ‘ಡಿ’ ಮೇಲೆ ನಿಂತಾಗ ಏನಾಗುತ್ತೆ ಅಂತ ಕಿವಿಗೊಟ್ಟು ಕೇಳಿ.