ಮೂಲೆಯ ಮೋರಿ

ಡೊಂಬಿವಲಿಯ ನಮ್ಮ ಮನೆಗಿರುವುದು ಒಂದೇ ಬಚ್ಚಲು. ಅದನ್ನು ಒಡೆಸಿ ಹೊಸದಾಗಿ ಕಟ್ಟಿಸಲು ಹದಿನೆಂಟು ದಿನ ಹಿಡಿಯಿತು. ಸ್ನಾನ ಬಾಲ್ಕನಿಯಲ್ಲಿ, ಸೀರೆ ಅಡ್ಡ ಕಟ್ಟಿಕೊಂಡು. ಮಿಕ್ಕಿದ್ದಕ್ಕೆಲ್ಲ ಎದುರುಮನೆಯ ಕದ ತಟ್ಟಬೇಕು. ನಾನು ಒದ್ದಾಡಿಹೋದೆ. ನನ್ನಾಕೆ ನಿಶ್ಚಿಂತಳಾಗಿದ್ದಳು. ಆಕೆ ವರ್ಲಿಯ ಬಿಡಿಡಿ ಚಾಳಿನಲ್ಲಿ ಬೆಳೆದವಳು. ಮಾವನವರು ಗಿರಣಿ ಕೆಲಸಕ್ಕೆಂದು ವಿಜಾಪುರದ ಕಡೆಯಿಂದ ಬಂದವರು.

1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಊರು ಚೊಕ್ಕ ಮಾಡಲು 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಆಮೇಲೆ 1920ರ ದಶಕದಲ್ಲಿ ಸರ್ಕಾರದ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ವರ್ಲಿ, ನಾಯಗಾಂವ್, ಡಿಲಾಯಿಲ್ ರೋಡ್, ಶಿವಡಿಗಳಲ್ಲಿ 207 ಚಾಳು ಕಟ್ಟಿಸಿತು. ಅವೇ ಬಿಡಿಡಿ ಚಾಳುಗಳು. ಮಹಡಿಗೆ 20 ಖೋಲಿ, ಖೋಲಿಗೆ 160 ಚದರಡಿ. ಪಾಯಖಾನೆ ಎಲ್ಲರಿಗೂ ಸೇರಿ ಹೊರಗೆ. ರೋಗಕ್ಕೆ ಹೆದರಿ ಶುರುವಾದ ಕೆಲಸದಲ್ಲಿ ಬಚ್ಚಲನ್ನೇ ಉಳಿತಾಯದ ಬಾಬತ್ತು ಮಾಡಿದ್ದು ಬ್ಯಾಂಕಿನವನಾದ ನನಗೂ ಒಪ್ಪಿಗೆಯಾಗುವುದಿಲ್ಲ.

ಖೋಲಿಯೊಳಗೆ ಇರುವುದು ಮೋರಿ. ನಮಗೆ ಮೋರಿ ಅಂದರೆ ಚರಂಡಿ. ಮುಂಬಯಿಯಲ್ಲಿ ಅದು ಮೂಲೆಯ ತೊಳೆಯುವ ಜಾಗ. ಪಾತ್ರೆ, ಬಟ್ಟೆ, ಸ್ನಾನ ಎಲ್ಲ ಅಲ್ಲೇ. ಊರಿನ ಹಂಡೆ, ಬಚ್ಚಲೊಲೆ ಕಂಡಿದ್ದ ನಮ್ಮತ್ತೆ, ಗಂಡಸರು ಏಳುವ ಮೊದಲೇ ಕತ್ತಲಲ್ಲಿ ಮೈ ತೊಳೆದುಕೊಳ್ಳುತ್ತಿದ್ದರಂತೆ. ‘ನಿಮಗೇನ್ರೀ, ಹದಿನೆಂಟು ದಿನ. ನಮ್ಮವ್ವಗ ನಲವತ್ತು ವರ್ಷ’ ಅಂದಳು ನನ್ನಾಕೆ.

2025ರ ಆಗಸ್ಟಿನಲ್ಲಿ ವರ್ಲಿಯ 556 ಕುಟುಂಬಗಳಿಗೆ 500 ಚದರಡಿಯ ಹೊಸ ಮನೆಯ ಕೀಲಿಕೈ ಸಿಕ್ಕಿತು. ಆ ಪಟ್ಟಿಯಲ್ಲಿ ನನ್ನ ಭಾವಮೈದುನನ ಹೆಸರಿರಲಿಲ್ಲ. ಅತ್ತೆ ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು.